ಶ್ರುತಿ, ತಾಳ, ಪದ ಒಟ್ಟಿಗೆ ಬಂದಾಗ ಕರಕರ: ಡಿಎಸ್‌ಪಿಗೆ ಕೊಟ್ಟರೆ ಸರಿಹೋಗುತ್ತದಾ?

ಪ್ರಶ್ನೆ: ನಾನು ಬದಿಯಡ್ಕದ ಹತ್ತಿರದವನು. ಯಕ್ಷಗಾನದ ತೆಂಕುತಿಟ್ಟಿನ ಭಾಗವತಿಕೆ (ಹಾಡುಗಾರಿಕೆ) ಕಲಿಯುತ್ತಿದ್ದೇನೆ. ಮನೆಯಲ್ಲಿ ಅಭ್ಯಾಸ ಮಾಡಲು ಹಳೆಯ ನೋಕಿಯಾ ಎನ್900 ಫೋನೊಂದಕ್ಕೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದಿದ್ದೇನೆ. ಶ್ರುತಿ, ಚೆಂಡೆ ಮದ್ದಳೆಯ ತಾಳ, ಗುರುಗಳು ಹಾಡಿಕೊಟ್ಟ ಪದ, ಮೂರೂ ಒಟ್ಟಿಗೆ ಬರಬೇಕು. ಮೂರೂ ಫೈಲುಗಳ ಸ್ಯಾಂಪಲ್‌ಗಳನ್ನು (ಅಲೆಯ ಎತ್ತರವನ್ನು ಕ್ಷಣಕ್ಷಣಕ್ಕೂ ಅಳೆದ ಸಂಖ್ಯೆಗಳನ್ನು) ಕೂಡಿಸಿ, ಫೋನಿನ ಸದ್ದು ನೋಡಿಕೊಳ್ಳುವ ಪಲ್ಸ್‌ಆಡಿಯೋ ಪ್ರೋಗ್ರಾಮಿಗೆ ಕೊಡುತ್ತೇನೆ. ಚೆಂಡೆಯ ಜೋರು ಪೆಟ್ಟು ಬಿದ್ದಾಗ ಕರಕರ ಎನ್ನುತ್ತದೆ. ಶ್ರುತಿಯ ನಡುವೆ ಆಗಾಗ ಟಕ್ ಎನ್ನುತ್ತದೆ. ಬ್ಯಾಟರಿಯೂ ಬೇಗ ಮುಗಿಯುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಅಭ್ಯಾಸ ಅಲ್ಲಿಗೇ ನಿಲ್ಲುತ್ತದೆ. ಇದರ ಚಿಪ್ಪಿನಲ್ಲಿ ಡಿಎಸ್‌ಪಿ (ಸದ್ದಿನಂಥ ಸಂಕೇತಗಳ ಲೆಕ್ಕಕ್ಕೆಂದೇ ಇರುವ ಡಿಜಿಟಲ್ ಸಿಗ್ನಲ್ ಪ್ರೊಸೆಸರ್) ಸುಮ್ನೆ ಕೂತಿದೆಯಲ್ಲ, ಮಿಕ್ಸಿಂಗ್ ಕೆಲಸವನ್ನು ಅದಕ್ಕೆ ಕೊಟ್ಟರೆ ಇದೆಲ್ಲ ಸರಿಹೋಗುತ್ತದಾ? ನನ್ನ ಧ್ವನಿಯನ್ನೂ ಮೈಕಿನಿಂದ ಸೇರಿಸಬಹುದಾ?

ಉತ್ತರ: ನಮಸ್ಕಾರ. ಡಿಎಸ್‌ಪಿ ಮಿಕ್ಸ್ ಮಾಡುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ನೀವು ಹೇಳಿದ ಕರಕರವೂ ಟಕ್ಕೂ ಅದರಿಂದ ಹೋಗುವುದಿಲ್ಲ. ಈಗಿನ ಪ್ರೋಗ್ರಾಮನ್ನು ಹಾಗೇ ಅಲ್ಲಿಗೆ ಸಾಗಿಸಿದರೆ ಎರಡೂ ಅದರ ಜತೆಗೇ ಹೋಗುತ್ತವೆ. ಬ್ಯಾಟರಿ ವಿಷಯದಲ್ಲಿ ಮಾತ್ರ ಡಿಎಸ್‌ಪಿಯಿಂದ ಲಾಭ ಇದೆ. ಅದೂ ನೀವು ಅಂದುಕೊಂಡ ಕೆಲಸವನ್ನು ಕೊಟ್ಟಾಗ ಅಲ್ಲ, ಬೇರೆ ಕೆಲಸವನ್ನು ಕೊಟ್ಟಾಗ.

ಕರಕರದಿಂದ ಶುರು ಮಾಡೋಣ. ಮಿಕ್ಸಿಂಗ್ ಅಂದರೆ ಕೂಡಿಸುವುದು, ಅಷ್ಟೇ. ರಂಗಸ್ಥಳದಲ್ಲಿ ಚೆಂಡೆ, ಮದ್ದಳೆ, ಜಾಗಟೆ, ಭಾಗವತರ ಧ್ವನಿ ಎಲ್ಲವನ್ನೂ ಗಾಳಿಯೇ ಕೂಡಿಸುತ್ತದೆ. ಗಾಳಿಗೆ ಇಂತಿಷ್ಟೇ ಎಂಬ ಮಿತಿ ನಮ್ಮ ಲೆಕ್ಕಕ್ಕೆ ಸಿಗುವಷ್ಟು ಹತ್ತಿರ ಇಲ್ಲ. 16 ಬಿಟ್‌ನ ಸ್ಯಾಂಪಲ್‌ಗೆ ಆ ಮಿತಿ ಹತ್ತಿರವೇ ಇದೆ. ಕೆಳಗೆ -32768, ಮೇಲೆ 32767. ಒಂದು ಕ್ಷಣದಲ್ಲಿ ಪದದ ಸ್ಯಾಂಪಲ್ 30000 ಇದೆ, ಚೆಂಡೆಯದ್ದು 10000 ಇದೆ ಅಂತಿಟ್ಟುಕೊಳ್ಳಿ. ಕೂಡಿಸಿದರೆ 40000. ಅದನ್ನು ಮತ್ತೆ 16 ಬಿಟ್‌ನ ಶಾರ್ಟ್‌ನಲ್ಲಿ ಇಟ್ಟರೆ -25536 ಆಗಿಬಿಡುತ್ತದೆ. ಮೇಲಕ್ಕೆ ಹೋಗಬೇಕಾದ ಅಲೆ ಒಮ್ಮೆಲೇ ತಳಕ್ಕೆ ಬೀಳುತ್ತದೆ. ಕಿವಿಗೆ ಅದು ಬಟ್ಟೆ ಹರಿದ ಹಾಗೆ ಕೇಳುತ್ತದೆ. ಚೆಂಡೆಯ ಪೆಟ್ಟಿಗೇ ಹೀಗಾಗುವುದಕ್ಕೆ ಕಾರಣ ಇದೆ. ಚೆಂಡೆಯ ಸರಾಸರಿ ಸದ್ದು ಅಷ್ಟೇನೂ ಇರುವುದಿಲ್ಲ, ಆದರೆ ಕೋಲು ಚರ್ಮಕ್ಕೆ ತಗಲಿದ ಆ ಕೆಲವು ಮಿಲಿಸೆಕೆಂಡ್‌ನಲ್ಲಿ ಅಲೆ ಬಹಳ ಎತ್ತರಕ್ಕೆ ಏರುತ್ತದೆ.

ಸಿ ಭಾಷೆಯಲ್ಲಿ ಎರಡು ಶಾರ್ಟ್‌ಗಳನ್ನು ಕೂಡಿಸುವಾಗ ಲೆಕ್ಕ ನಡೆಯುವುದು ಇಂಟ್‌ನಲ್ಲಿ. ಅಂದರೆ ಕೂಡಿಸುವಾಗ ತಪ್ಪಾಗುವುದಿಲ್ಲ, ವಾಪಸ್ ಶಾರ್ಟ್‌ಗೆ ತುಂಬುವಾಗ ತಪ್ಪಾಗುತ್ತದೆ. ಹಾಗಾಗಿ ಮೊತ್ತವನ್ನು 32 ಬಿಟ್‌ನ ವೇರಿಯಬಲ್‌ನಲ್ಲೇ ಇಟ್ಟುಕೊಳ್ಳಿ. ಮೂರನ್ನೂ ಕೂಡಿಸಿ ಮುಗಿದ ಮೇಲೆ ಒಂದೇ ಸಲ ನೋಡಿ: 32767ಕ್ಕಿಂತ ಜಾಸ್ತಿ ಇದ್ದರೆ 32767, -32768ಕ್ಕಿಂತ ಕಡಿಮೆ ಇದ್ದರೆ -32768. ಇದಕ್ಕೆ ಸ್ಯಾಚುರೇಶನ್ ಎನ್ನುತ್ತಾರೆ. ಈ ಕತ್ತರಿಸುವ ಕೆಲಸ ಕೊನೆಗೆ ಒಂದೇ ಸಲ ಆಗಬೇಕು ಎಂದು ಒತ್ತಿ ಹೇಳುತ್ತೇನೆ. 30000, 10000, -20000 ಈ ಮೂರನ್ನು ಕೂಡಿಸಿದರೆ 20000 ಬರಬೇಕು. ಪ್ರತಿ ಹೆಜ್ಜೆಗೂ ಕತ್ತರಿಸಿದರೆ ಮೊದಲು 32767 ಆಗಿ, ಆಮೇಲೆ 12767 ಆಗುತ್ತದೆ. ಮೊತ್ತ ಮಿತಿಯೊಳಗೇ ಇತ್ತು, ನಾವೇ ಅದನ್ನು ಕೆಡಿಸಿದೆವು.

ಡಿಎಸ್‌ಪಿಗಳನ್ನು ಕಟ್ಟಿದವರಿಗೆ ಈ ಕಷ್ಟ ಚೆನ್ನಾಗಿ ಗೊತ್ತಿತ್ತು. 2005ರಲ್ಲಿ ಬಂದ ನೋಕಿಯಾ 770 ಟ್ಯಾಬ್ಲೆಟ್‌ನ ಓಮ್ಯಾಪ್ 1710 ಚಿಪ್ಪಿನಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಸಿ55ಎಕ್ಸ್ ಡಿಎಸ್‌ಪಿ ಇತ್ತು. ಅದರ ಅಕ್ಯುಮುಲೇಟರ್, ಅಂದರೆ ಮೊತ್ತ ಕೂಡಿಡುವ ಜಾಗ, 40 ಬಿಟ್‌ನದ್ದು. 32ರ ಮೇಲಿನ ಆ 8 ಬಿಟ್‌ಗಳು ಉಕ್ಕಿದ್ದನ್ನು ಹಿಡಿದಿಡಲೆಂದೇ ಇರುವಂಥವು. ನಿಮ್ಮ ಎನ್900ರ ಓಮ್ಯಾಪ್ 3430ರಲ್ಲಿ ಇರುವುದು ಸಿ64ಎಕ್ಸ್ ಪ್ಲಸ್. ಅದರಲ್ಲಿ ಎರಡು 32 ಬಿಟ್ ಮೊತ್ತಗಳನ್ನು ಒಟ್ಟಿಗೆ ಕತ್ತರಿಸಿ 16 ಬಿಟ್‌ಗೆ ಇಳಿಸುವ ಎಸ್‌ಪ್ಯಾಕ್2 ಎಂಬ ಸೂಚನೆ ಇದೆ. ಎರಡು ಜೋಡಿ 16 ಬಿಟ್ ಸಂಖ್ಯೆಗಳನ್ನು ಕೂಡಿಸುತ್ತಲೇ ಕತ್ತರಿಸುವ ಎಸ್‌ಆ್ಯಡ್2 ಕೂಡ ಇದೆ. ಎರಡೇ ಸ್ಟ್ರೀಮ್ (ಹರಿದು ಬರುವ ಸದ್ದು) ಇದ್ದರೆ ಅದು ಚೆನ್ನ. ಮೂರಕ್ಕೆ ಅದನ್ನು ಬಳಸಿದರೆ ಈಗ ಹೇಳಿದ 12767ರ ತಪ್ಪಿಗೇ ಬಂದು ನಿಲ್ಲುತ್ತೀರಿ. ಎನ್900ರ ಮುಖ್ಯ ಪ್ರೊಸೆಸರ್ ಆದ ಕಾರ್ಟೆಕ್ಸ್ ಎ8ರಲ್ಲಿರುವ ನಿಯಾನ್ ಎಂಬ ಲೆಕ್ಕದ ಘಟಕಕ್ಕೂ ಇಂಥದ್ದೇ ಸೂಚನೆಗಳಿವೆ. ಹಾಗಾಗಿ ಇಷ್ಟಕ್ಕಾಗಿ ಡಿಎಸ್‌ಪಿವರೆಗೆ ಹೋಗುವ ಅಗತ್ಯ ಇಲ್ಲ.

ಸ್ಯಾಚುರೇಶನ್ ಹಾಕಿದರೆ ಹರಿದ ಸದ್ದು ಹೋಗಿ ಒಡೆದ ಸದ್ದು ಉಳಿಯುತ್ತದೆ. ಅದೂ ಹೋಗಬೇಕಾದರೆ ಮೊದಲೇ ಜಾಗ ಬಿಡಬೇಕು. ಹೆಚ್ಚಿನವರು ಮೊತ್ತವನ್ನು ಮೂರರಿಂದ ಭಾಗಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಅಭ್ಯಾಸಕ್ಕೆ ಶ್ರುತಿ, ತಾಳ, ಪದ ಮೂರೂ ಒಂದೇ ಮಟ್ಟದಲ್ಲಿ ಬೇಡ, ಅಲ್ವಾ? ಶ್ರುತಿ ಹಿಂದೆ ಇರಬೇಕು, ಗುರುಗಳ ಪದ ಮುಂದೆ ಇರಬೇಕು. ನಾನಾದರೆ ಶ್ರುತಿಗೆ -18 ಡೆಸಿಬೆಲ್, ತಾಳಕ್ಕೆ -12, ಪದಕ್ಕೆ -5 ಇಟ್ಟು ಶುರು ಮಾಡುತ್ತೇನೆ. 32768 ಅಂದರೆ 1 ಎಂದಿಟ್ಟುಕೊಂಡರೆ ಗುಣಿಸುವ ಸಂಖ್ಯೆಗಳು 4125, 8231, 18427. ಗುಣಿಸಿ 15 ಬಿಟ್ ಬಲಕ್ಕೆ ಸರಿಸಿದರಾಯಿತು. ಮೂರನ್ನೂ ಕೂಡಿಸಿದರೆ 30783, ಅಂದರೆ 32768ಕ್ಕಿಂತ ಕಡಿಮೆ. ಮೂರು ಸ್ಟ್ರೀಮ್‌ಗಳೂ ಒಂದೇ ಕ್ಷಣದಲ್ಲಿ ತುತ್ತತುದಿಗೆ ಹೋದರೂ ಮೊತ್ತ ಮಿತಿ ದಾಟುವುದಿಲ್ಲ. ಸದ್ದು ಸಾಲದಿದ್ದರೆ ಹೊರಗಿನ ಸ್ಪೀಕರ್‌ನಲ್ಲಿ ಏರಿಸಿ, ಈ ಸಂಖ್ಯೆಗಳಲ್ಲಿ ಏರಿಸಬೇಡಿ. ಓಡುತ್ತಿರುವಾಗ ಯಾವುದಾದರೂ ಮಟ್ಟ ಬದಲಿಸುವುದಿದ್ದರೆ ಒಂದೇ ಸಲಕ್ಕೆ ಬದಲಿಸದೆ 10 ಮಿಲಿಸೆಕೆಂಡ್‌ನಲ್ಲಿ, ಅಂದರೆ 48,000ದ ದರದಲ್ಲಿ 480 ಸ್ಯಾಂಪಲ್‌ಗಳಲ್ಲಿ, ಮೆಲ್ಲಗೆ ಏರಿಸಿ ಇಳಿಸಿ.

ಇನ್ನು ಟಕ್. ಇದನ್ನು ಹುಡುಕಲು ಶ್ರುತಿಯಷ್ಟು ಒಳ್ಳೆಯ ಸಾಧನ ಬೇರೊಂದಿಲ್ಲ. ಹಾಡಿನಲ್ಲಿ, ಚೆಂಡೆಯಲ್ಲಿ ಸಣ್ಣ ತುಂಡು ಕಡಿದುಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಶ್ರುತಿ ಒಂದೇ ಸಮನೆ ಹರಿಯುವ ಸದ್ದು, ಒಂದು ಸ್ಯಾಂಪಲ್ ತಪ್ಪಿದರೂ ಕಿವಿಗೆ ಚುಚ್ಚುತ್ತದೆ. ಗಡಿಯಾರ ಮುಂದಿಟ್ಟುಕೊಂಡು ಶ್ರುತಿಯೊಂದನ್ನೇ ಓಡಿಸಿ. ಎರಡು ಟಕ್‌ಗಳ ನಡುವೆ ಎಷ್ಟು ಸೆಕೆಂಡ್ ಎಂದು ಎಣಿಸಿ. ಪ್ರತಿ ಸಲವೂ ಅಷ್ಟೇ ಸೆಕೆಂಡ್ ಆದರೆ, ಅದೂ ಫೈಲಿನ ಉದ್ದದಷ್ಟೇ ಆದರೆ, ತೊಂದರೆ ಇರುವುದು ಲೂಪ್‌ನ ಹೊಲಿಗೆಯಲ್ಲಿ. ಹೇಗೆಂದರೆ ಹಾಗೆ ಬಂದರೆ, ಫೋನಿನಲ್ಲಿ ಬೇರೇನಾದರೂ ತೆರೆದಾಗ ಬಂದರೆ, ಅದು ಬಫರ್, ಅಂದರೆ ನುಡಿಸಲು ಮೊದಲೇ ತುಂಬಿಟ್ಟ ಡೇಟಾದ ಜಾಗ, ಖಾಲಿಯಾದದ್ದು.

ಹೊಲಿಗೆಯ ತೊಂದರೆ ಬಹಳ ಸಲ ಎಂಪಿ3ಯಿಂದಲೇ ಬರುತ್ತದೆ. ನಿಮ್ಮ ಶ್ರುತಿಯ ಫೈಲ್ ಎಂಪಿ3 ಆಗಿದ್ದರೆ ಮೊದಲು ಅದನ್ನು ಬಿಡಿ. ಎಂಪಿ3 ಧ್ವನಿಯನ್ನು 1152 ಸ್ಯಾಂಪಲ್‌ಗಳ ಚೌಕಟ್ಟುಗಳಲ್ಲಿ ತುಂಬುತ್ತದೆ. ಕೊನೆಯ ಚೌಕಟ್ಟು ತುಂಬದಿದ್ದರೆ ಮೌನ ಸೇರಿಸುತ್ತದೆ, ಶುರುವಿನಲ್ಲೂ ಎನ್‌ಕೋಡರ್ ಒಂದಿಷ್ಟು ಮೌನ ಸೇರಿಸುತ್ತದೆ. ಅದನ್ನು ಲೂಪ್ ಮಾಡಿದರೆ ಪ್ರತಿ ಸುತ್ತಿಗೂ ಒಂದು ಸಣ್ಣ ಗುಂಡಿ. ವೇವ್ ಫೈಲ್ ಬಳಸಿ. 10 ಸೆಕೆಂಡ್‌ನ ಮೋನೋ ಶ್ರುತಿ, 48,000 ದರ, 16 ಬಿಟ್, ಒಟ್ಟು 9,60,000 ಬೈಟ್. 256 ಎಂಬಿ ರ‍್ಯಾಮ್ ಇರುವ ಸಾಧನಕ್ಕೆ ಅದು ಏನೂ ಅಲ್ಲ. ಒಮ್ಮೆ ಮೆಮೊರಿಗೆ ತಂದರೆ ಮತ್ತೆ ಡಿಕೋಡ್ ಮಾಡುವ (ಒತ್ತಿಟ್ಟ ಫೈಲನ್ನು ಬಿಡಿಸುವ) ಕೆಲಸವೂ ಇಲ್ಲ. ಲೂಪ್‌ನ ಕೊನೆಯ ಅರ್ಧ ಸೆಕೆಂಡನ್ನು ಇಳಿಸುತ್ತಾ, ಮೊದಲ ಅರ್ಧ ಸೆಕೆಂಡನ್ನು ಏರಿಸುತ್ತಾ ಒಂದರ ಮೇಲೊಂದು ಹೊದಿಸಿ ಮೊದಲೇ ಸಿದ್ಧಮಾಡಿಟ್ಟುಕೊಳ್ಳಿ. ಹಾರ್ಮೋನಿಯಂನ ಶ್ರುತಿಗೆ ಇದು ಸಾಕು.

ಬಫರ್ ಖಾಲಿಯಾಗುವುದಾದರೆ ಬಫರ್ ದೊಡ್ಡದು ಮಾಡಿ. 1024 ಸ್ಯಾಂಪಲ್ ಅಂದರೆ 48,000ದ ದರದಲ್ಲಿ ಬರೀ 21 ಮಿಲಿಸೆಕೆಂಡ್. ನಿಮಗೆ ಅಷ್ಟು ಅವಸರ ಯಾಕೆ? ಶ್ರುತಿಯೂ ತಾಳವೂ ಪದವೂ ಒಂದೇ ಕಡೆ ಕೂಡಿ ಒಂದೇ ಬಫರ್‌ನಿಂದ ಹೊರಬರುತ್ತವೆ. ಬಫರ್ ಎಷ್ಟೇ ಉದ್ದ ಇದ್ದರೂ ಮೂರೂ ತಮ್ಮೊಳಗೆ ಒಂದು ಸ್ಯಾಂಪಲ್ ಕೂಡ ಹಿಂದೆ ಮುಂದೆ ಆಗುವುದಿಲ್ಲ. ಒತ್ತಿದ ಮೇಲೆ ಶುರುವಾಗಲು ಸ್ವಲ್ಪ ತಡ, ಅಷ್ಟೇ. 2 ಸೆಕೆಂಡ್ ಇಡಿ. ಸ್ಟೀರಿಯೋ 16 ಬಿಟ್‌ಗೆ ಅದು 3,84,000 ಬೈಟ್. ಪಲ್ಸ್‌ಆಡಿಯೋದಲ್ಲಿ ಸ್ಟ್ರೀಮ್ ತೆರೆಯುವಾಗ ಬಫರ್‌ನ ಉದ್ದ ಕೇಳುವ ಅವಕಾಶ ಇದೆ, ಅಲ್ಲಿ ಇದನ್ನೇ ಕೊಡಿ. ಇನ್ನೊಂದು ನಿಯಮ: ಒಂದು ಸ್ಟ್ರೀಮ್‌ನ ಡೇಟಾ ಬರುವುದು ತಡವಾದರೆ ಆ ಸ್ಟ್ರೀಮ್‌ಗೆ ಮಾತ್ರ ಸೊನ್ನೆ ತುಂಬಿ ಮುಂದೆ ಹೋಗಿ. ಪದದ ಫೈಲ್ ಓದಲು ತಡವಾಯಿತೆಂದು ಶ್ರುತಿ ನಿಲ್ಲಬಾರದು.

ನೀವು ಹೇಳದಿದ್ದರೂ ನನಗೊಂದು ಅನುಮಾನ. ಮೂರು ಫೈಲುಗಳ ಸ್ಯಾಂಪಲ್ ದರ ಒಂದೇ ಇದೆಯಾ? ಒಂದು 44,100, ಇನ್ನೊಂದು 48,000 ಇದ್ದರೆ ಸುಮ್ನೆ ಕೂಡಿಸುವ ಹಾಗಿಲ್ಲ. 44,100ರ ಶ್ರುತಿಯನ್ನು 48,000ದಲ್ಲಿ ಓಡಿಸಿದರೆ ಅದು ಹಾರ್ಮೋನಿಯಂನ ಸುಮಾರು ಒಂದೂವರೆ ಮನೆ ಮೇಲೇರುತ್ತದೆ. ನೀವು ಕಪ್ಪು ಎರಡರ ಶ್ರುತಿಗೆ ಹಾಡಲು ಕೂತರೆ ಶ್ರುತಿಪೆಟ್ಟಿಗೆ ಬೇರೆಲ್ಲೋ ಇರುತ್ತದೆ. ಭಾಗವತಿಕೆ ಕಲಿಯುವವರ ಕಿವಿಗೆ ಅದು ಮಾಡುವ ಹಾನಿ ದೊಡ್ಡದು. ಎರಡು ದರಗಳ ಅನುಪಾತ 147ಕ್ಕೆ 160. ಇದನ್ನು ಚೆನ್ನಾಗಿ ಬದಲಿಸಲು ಒಳ್ಳೆಯ ಫಿಲ್ಟರ್ ಬೇಕು, ಮತ್ತು ಇಡೀ ಮಿಕ್ಸಿಂಗ್‌ನಲ್ಲಿ ನಿಜವಾಗಿ ಭಾರದ ಲೆಕ್ಕ ಇದೊಂದೇ. ಓಡುವಾಗ ಮಾಡಬೇಡಿ. ಕಂಪ್ಯೂಟರಿನಲ್ಲಿ ಸಾಕ್ಸ್ ಪ್ರೋಗ್ರಾಂನಿಂದ ಎಲ್ಲವನ್ನೂ ಮೊದಲೇ 48,000ಕ್ಕೆ ತಂದು ಫೋನಿಗೆ ಹಾಕಿಕೊಳ್ಳಿ.

ಈಗ ಡಿಎಸ್‌ಪಿ. ಕೂಡಿಸುವ ಕೆಲಸ ಎಷ್ಟು ದೊಡ್ಡದು ಎಂದು ಮೊದಲು ಲೆಕ್ಕ ಹಾಕಿ. ಮೂರು ಸ್ಟ್ರೀಮ್, ಎರಡು ಚಾನೆಲ್, ಸೆಕೆಂಡಿಗೆ 48,000. ಒಟ್ಟು 2,88,000 ಸಲ ಗುಣಿಸಿ ಕೂಡಿಸಬೇಕು. ನಿಮ್ಮ ಫೋನಿನ ಮುಖ್ಯ ಪ್ರೊಸೆಸರ್ 600 ಮೆಗಾಹರ್ಟ್ಸ್‌ನದ್ದು, ಅಂದರೆ ಸೆಕೆಂಡಿಗೆ 60 ಕೋಟಿ ಮಿಡಿತ. ಒಂದು ಕೂಡಿಕೆಗೆ 10 ಮಿಡಿತ ಹಿಡಿದರೂ ನೂರರಲ್ಲಿ ಒಂದು ಭಾಗದ ಅರ್ಧದಷ್ಟು ಕೆಲಸವೂ ಅಲ್ಲ. ಇಷ್ಟನ್ನು ಡಿಎಸ್‌ಪಿಗೆ ಕೊಡಲು ಎಷ್ಟು ಓಡಾಟ ಇದೆ ನೋಡಿ. ಮುಖ್ಯ ಪ್ರೊಸೆಸರ್ ಮೂರೂ ಸ್ಟ್ರೀಮ್‌ಗಳನ್ನು ಡಿಕೋಡ್ ಮಾಡಿ, ಸ್ಟೀರಿಯೋ ಆದರೆ ಒಂದೊಂದಕ್ಕೆ ಸೆಕೆಂಡಿಗೆ 1,92,000 ಬೈಟ್‌ನಂತೆ ಇಬ್ಬರಿಗೂ ಸೇರಿದ ಮೆಮೊರಿಗೆ ಬರೆಯಬೇಕು. ತನ್ನ ಕ್ಯಾಶ್‌ನಲ್ಲಿ (ಪ್ರೊಸೆಸರ್‌ನ ಒಳಗಿನ ಸಣ್ಣ ಮೆಮೊರಿಯಲ್ಲಿ) ಉಳಿದದ್ದನ್ನು ಹೊರಗೆ ತಳ್ಳಬೇಕು. ಮೇಲ್‌ಬಾಕ್ಸ್ ಎಂಬ ಹಾರ್ಡ್‌ವೇರ್ ಮೂಲಕ ಸುದ್ದಿ ಕೊಡಬೇಕು. ಡಿಎಸ್‌ಪಿ ಕೂಡಿಸಿದ ಮೇಲೆ ಫಲವನ್ನು ವಾಪಸ್ ಓದಬೇಕು, ಯಾಕೆಂದರೆ ಎನ್900ರಲ್ಲಿ ಸೌಂಡ್ ಚಿಪ್ಪಿಗೆ ಡೇಟಾ ಕಳಿಸುವ ಲಿನಕ್ಸ್‌ನ ಅಲ್ಸಾ ಡ್ರೈವರ್ ಇರುವುದು ಮುಖ್ಯ ಪ್ರೊಸೆಸರ್‌ನ ಕಡೆಗೆ. ಕೊಟ್ಟು ತರುವ ಹೊತ್ತಿಗೆ ತಾನೇ ಹತ್ತು ಸಲ ಕೂಡಿಸಿ ಮುಗಿಸಬಹುದಿತ್ತು.

770ರಲ್ಲಿ ಹೀಗಿರಲಿಲ್ಲ. ಅಲ್ಲಿ ಸದ್ದು ಹೊರಹೋಗುವ ದಾರಿಯೇ ಡಿಎಸ್‌ಪಿಯ ಮೂಲಕ ಇತ್ತು. ಡಿಎಸ್‌ಪಿ ಗೇಟ್‌ವೇ ಎಂಬ ಡ್ರೈವರ್ ಅದರೊಳಗಿನ ಒಂದೊಂದು ಟಾಸ್ಕನ್ನೂ ಲಿನಕ್ಸ್‌ಗೆ ಒಂದೊಂದು ಡಿವೈಸ್ ಫೈಲ್ ಆಗಿ ತೋರಿಸುತ್ತಿತ್ತು. ಪ್ರೋಗ್ರಾಂ ಆ ಫೈಲಿಗೆ ಪಿಸಿಎಂ (ಬರೀ ಸ್ಯಾಂಪಲ್‌ಗಳು) ಬರೆದರೆ ಉಳಿದದ್ದು ಡಿಎಸ್‌ಪಿಯ ಪಾಲು. ದಾರಿಯಲ್ಲೇ ಡಿಎಸ್‌ಪಿ ಇದ್ದುದರಿಂದ ಅಲ್ಲಿ ಕೂಡಿಸುವುದರಲ್ಲಿ ಅರ್ಥ ಇತ್ತು. ನಿಮ್ಮಲ್ಲಿ ಅದು ದಾರಿಯ ಪಕ್ಕದಲ್ಲಿದೆ. ಸ್ಟ್ರೀಮ್‌ಗಳನ್ನು ಎಲ್ಲಿ ಕೂಡಿಸಬೇಕು ಎಂದು ಯಾರು ಕೇಳಿದರೂ ನಾನು ಮೊದಲು ನೋಡುವುದು ಇದನ್ನೇ: ಸೌಂಡ್ ಚಿಪ್ಪಿನ ಯಜಮಾನ ಯಾರು? ಕೂಡಿಸುವುದು ಅಲ್ಲೇ.

ಬ್ಯಾಟರಿ ಉಳಿಯುವುದು ಯಾವಾಗ ಎಂದು ಹೇಳುತ್ತೇನೆ. ಪ್ರೊಸೆಸರ್‌ಗೆ ಲೆಕ್ಕಕ್ಕಿಂತ ಜಾಸ್ತಿ ಖರ್ಚು ಮತ್ತೆ ಮತ್ತೆ ಏಳುವುದರಲ್ಲಿ. 1024 ಸ್ಯಾಂಪಲ್‌ಗೆ ಒಮ್ಮೆ ಎದ್ದರೆ ಸೆಕೆಂಡಿಗೆ ಸುಮಾರು 47 ಸಲ. ಗಾಢವಾಗಿ ಮಲಗಲು ಅದಕ್ಕೆ ಹೊತ್ತೇ ಸಿಗುವುದಿಲ್ಲ. ಅದೇ 128 ಕಿಲೋಬಿಟ್‌ನ ಎಂಪಿ3ಗೆ ಸೆಕೆಂಡಿಗೆ ಬೇಕಾದದ್ದು 16,000 ಬೈಟ್ ಮಾತ್ರ. ಡಿಕೋಡ್ ಮಾಡುವುದು, ಕೂಡಿಸುವುದು, ಹೊರಗೆ ಕಳಿಸುವುದು ಎಲ್ಲವೂ ಡಿಎಸ್‌ಪಿಯಲ್ಲೇ ನಡೆದರೆ ಮುಖ್ಯ ಪ್ರೊಸೆಸರ್ 1,60,000 ಬೈಟ್‌ನ ಒಂದು ಗಂಟು ಕೊಟ್ಟು 10 ಸೆಕೆಂಡ್ ಮಲಗಬಹುದು. ಲಾಭ ಇರುವುದು ಇಲ್ಲಿ. ಈಗಿನ ಫೋನುಗಳು ಹಾಡು ಹಾಕಿದಾಗ ಮಾಡುವುದು ಇದನ್ನೇ. ಲಿನಕ್ಸ್‌ನಲ್ಲಿ ಇದಕ್ಕೆಂದೇ ಅಲ್ಸಾದ ಕಂಪ್ರೆಸ್ ಆಫ್‌ಲೋಡ್ ಇದೆ. 2018ರಲ್ಲಿ ಶುರುವಾದ ಸೌಂಡ್ ಓಪನ್ ಫರ್ಮ್‌ವೇರ್‌ನಲ್ಲಿ ಮಿಕ್ಸರ್, ವಾಲ್ಯೂಮ್ ಎಲ್ಲವೂ ಡಿಎಸ್‌ಪಿಯೊಳಗಿನ ಜೋಡಿಸಬಹುದಾದ ತುಂಡುಗಳು. ಮುಂದೆ ಹೊಸ ಸಾಧನ ಕೊಂಡರೆ ಅದನ್ನು ನೋಡಿ. ಎನ್900ರಲ್ಲಿ ಇದನ್ನೆಲ್ಲ ನೀವೇ ಕಟ್ಟಬೇಕು. ಸೌಂಡ್ ದಾರಿಯ ಯಜಮಾನಿಕೆಯನ್ನೇ ಬದಲಿಸಬೇಕು. ಅಭ್ಯಾಸದ ಪೆಟ್ಟಿಗೆಗಾಗಿ ಅಷ್ಟು ತಿಂಗಳು ಕಳೆಯಬೇಡಿ, ಆ ಹೊತ್ತು ಪದಕ್ಕೆ ಕೊಡಿ. ಶ್ರುತಿ ಮೆಮೊರಿಯಿಂದ ಬಂದರೆ, ಬಫರ್ 2 ಸೆಕೆಂಡ್ ಆದರೆ, ಪರದೆ ಆರಿದ್ದರೆ, ಆ 1320 ಎಂಎಎಚ್ ಬ್ಯಾಟರಿಯಲ್ಲೇ ವ್ಯತ್ಯಾಸ ನಿಮಗೆ ಕಾಣಿಸುತ್ತದೆ. ಪರದೆಯನ್ನು ಮೊದಲು ಆರಿಸಿ ನೋಡಿ.

ಕಲಿಯುವ ಆಸೆಯಿಂದಲೇ ಡಿಎಸ್‌ಪಿಗೆ ಕೈಹಾಕುವುದಿದ್ದರೆ ಬೇಡ ಎನ್ನಲಾರೆ, ನಾನೂ ಹಾಗೆ ಶುರು ಮಾಡಿದವನೇ. ಒಂದು ವಿಷಯಕ್ಕೆ ಮಾತ್ರ ಹುಷಾರು. ನನ್ನ ಮೊದಲ ಡಿಎಸ್‌ಪಿ ಮಿಕ್ಸರ್‌ನಲ್ಲಿ ಸದ್ದು ನಡುನಡುವೆ ಹಿಂದಕ್ಕೆ ಹೋಗಿ ಹಳೆಯ ತುಂಡನ್ನೇ ಮತ್ತೆ ಹಾಡುತ್ತಿತ್ತು. ಕೂಡಿಸುವ ಲೆಕ್ಕವನ್ನು ನೂರು ಸಲ ನೋಡಿದೆ. ಒಂದು ವಾರ ಹೋಯಿತು. ಲೆಕ್ಕ ಸರಿಯಾಗಿಯೇ ಇತ್ತು. ಮುಖ್ಯ ಪ್ರೊಸೆಸರ್ ಬರೆದ ಹೊಸ ಡೇಟಾ ಅದರ ಕ್ಯಾಶ್‌ನಲ್ಲೇ ಕೂತಿತ್ತು, ಡಿಎಸ್‌ಪಿ ಓದುತ್ತಿದ್ದುದು ಮೆಮೊರಿಯಲ್ಲಿದ್ದ ಹಳೆಯದನ್ನು. ಬರೆದವರು ಕ್ಯಾಶನ್ನು ಮೆಮೊರಿಗೆ ತಳ್ಳಬೇಕು, ಓದುವವರು ತಮ್ಮ ಕ್ಯಾಶ್‌ನ ಹಳೆಯ ಪ್ರತಿಯನ್ನು ಬಿಸಾಡಿ ಓದಬೇಕು. ಸಿ64ಎಕ್ಸ್ ಪ್ಲಸ್‌ನ ಎರಡನೇ ಹಂತದ ಕ್ಯಾಶ್ ಒಂದು ಸಲಕ್ಕೆ 128 ಬೈಟ್ ಎತ್ತುತ್ತದೆ. ಬಫರ್‌ಗಳು 128ರ ಗಡಿಯಲ್ಲೇ ಶುರುವಾಗಲಿ, 128ರ ಗುಣಕದಷ್ಟೇ ಉದ್ದ ಇರಲಿ. ಇಲ್ಲದಿದ್ದರೆ ಪಕ್ಕದ ಬಫರ್‌ನ ಅಂಚು ಹಾಳಾಗುತ್ತದೆ, ಮತ್ತೆ ಟಕ್ ಕೇಳುತ್ತದೆ.

ಕೊನೆಗೆ ಮೈಕಿನ ಪ್ರಶ್ನೆ. ನಿಮ್ಮ ಧ್ವನಿಯನ್ನು ಮಿಕ್ಸ್ ಮಾಡಿ ನಿಮ್ಮ ಕಿವಿಗೇ ವಾಪಸ್ ಕೊಡಬೇಡಿ. 2 ಸೆಕೆಂಡ್ ಬಫರ್ ಇಟ್ಟ ಮೇಲೆ ಅದು ಹೇಗೂ ಆಗದ ಮಾತು. ಧ್ವನಿಯನ್ನು ಬೇರೆ ಫೈಲಿಗೆ ರೆಕಾರ್ಡ್ ಮಾಡಿ, ಮೂರು ಸ್ಟ್ರೀಮ್‌ಗಳ ಎಷ್ಟನೇ ಸ್ಯಾಂಪಲ್ ನುಡಿಯುತ್ತಿದ್ದಾಗ ರೆಕಾರ್ಡ್ ಶುರುವಾಯಿತು ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಗುರುಗಳ ಪದದ ಪಕ್ಕ ಇಟ್ಟು ಕೇಳುವಾಗ ಮಟ್ಟ ಏರಿಸಬಹುದು, ಇಳಿಸಬಹುದು, ಬೇಕಾದರೆ ಗುರುಗಳ ಧ್ವನಿ ತೆಗೆದು ನಿಮ್ಮದನ್ನೇ ಚೆಂಡೆಯ ಜತೆ ಕೇಳಬಹುದು. ಇಯರ್‌ಫೋನ್ ಹಾಕಿಕೊಂಡೇ ಹಾಡಿ, ಇಲ್ಲದಿದ್ದರೆ ಸ್ಪೀಕರ್‌ನ ಚೆಂಡೆಯೂ ಮೈಕಿಗೆ ನುಗ್ಗುತ್ತದೆ. ಫೋನಿನದೇ ಮೈಕ್ ಬಳಸಿದರೆ ರೆಕಾರ್ಡಿಂಗ್‌ಗೂ ಪ್ಲೇಬ್ಯಾಕ್‌ಗೂ ಒಂದೇ ಗಡಿಯಾರ ಸಿಗುತ್ತದೆ. ಬೇರೆ ರೆಕಾರ್ಡರ್ ತಂದರೆ ಅದಕ್ಕೆ ಅದರದೇ ಗಡಿಯಾರ. ಎರಡು ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೂ ಸೆಕೆಂಡಿಗೆ 2.4 ಸ್ಯಾಂಪಲ್ ತಪ್ಪುತ್ತದೆ. ಒಂದು ಗಂಟೆಯಲ್ಲಿ 8,640 ಸ್ಯಾಂಪಲ್, ಅಂದರೆ 180 ಮಿಲಿಸೆಕೆಂಡ್. ಒಂದು ಪದದ ಮಟ್ಟಿಗೆ ಅದು ಗೊತ್ತೇ ಆಗುವುದಿಲ್ಲ. ಗಂಟೆಗಟ್ಟಲೆ ತಾಳಮದ್ದಳೆಯ ಅಭ್ಯಾಸವನ್ನು ಒಂದೇ ಫೈಲಾಗಿ ಹಿಡಿದರೆ ಕೊನೆಯ ಪದಗಳಲ್ಲಿ ನಿಮ್ಮ ಧ್ವನಿ ಚೆಂಡೆಯ ಪೆಟ್ಟಿನಿಂದ ಜಾರಿದ್ದು ಕೇಳುತ್ತದೆ. ಆಗ ನಿಮ್ಮ ತಾಳ ತಪ್ಪಿದ್ದಾ, ಗಡಿಯಾರ ತಪ್ಪಿದ್ದಾ ಎಂದು ಹೇಳುವುದು ಕಷ್ಟ. ಹಾಗಾಗಿ ಬೇರೆ ರೆಕಾರ್ಡರ್ ಬಳಸುವುದೇ ಆದರೆ ಪ್ರತಿ ಪದಕ್ಕೂ ಹೊಸ ಫೈಲ್ ತೆರೆಯಿರಿ.